ಪಂಪುಮನೆಯ ಕಡೆಗೆ ಚಾಚಿದ ಮೂರು ನಾಲಿಗೆ

ಆ ರಾತ್ರಿ ನನ್ನ ಕಾಲಲ್ಲಿದ್ದ ಚಪ್ಪಲಿ ಹೊಸದು. ಮರುದಿನ ಅದನ್ನು ಹಿತ್ತಲಿಗೆ ಒಯ್ದು, ಪೆಟ್ರೋಲು ಸುರಿದು ಸುಟ್ಟೆ. ಕಟ್ಟುಕತೆ ಹೇಳುವುದಕ್ಕಾಗಿ ಯಾರೂ ಹೊಸ ಚಪ್ಪಲಿ ಸುಡುವುದಿಲ್ಲ. ಇಷ್ಟು ಹೇಳಿದ ಮೇಲೂ ನಂಬದವರನ್ನು ನಾನು ಒತ್ತಾಯಿಸುವುದಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಊಟದ ಹೊತ್ತಿನಲ್ಲಿ ಇದನ್ನು ಕೈಗೆತ್ತಿಕೊಂಡವರು ಮೊದಲು ಊಟ ಮುಗಿಸಿಕೊಳ್ಳಿ.

ನಾನು ಹವಾಮಾನ ವೀಕ್ಷಣಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಗೊತ್ತಾದ ಹೊತ್ತಿಗೆ ಉಷ್ಣಮಾಪಕದ ಮುಂದೆ ನಿಲ್ಲಬೇಕು, ಕಂಡ ಅಂಕಿಯನ್ನು ಕಂಡ ಹಾಗೇ ಬರೆಯಬೇಕು. ಮಳೆ ಇರಲಿ, ಜ್ವರ ಇರಲಿ, ಮನೆಯಲ್ಲಿ ಮದುವೆಯೇ ಇರಲಿ. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ತೊಳೆಯದ ಲೋಟ, ಮುದುಡಿದ ಹಾಸಿಗೆ, ಎಲೆಯಡಿಕೆ ಉಗುಳಿದ ಗೋಡೆ... ಇವನ್ನು ಕಂಡರೆ ಇಂದಿಗೂ ಮೈ ಉರಿಯುತ್ತದೆ.

ಬಳ್ಳಾರಿಯ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ, ಜೀನ್ಸ್ ಹೊಲಿಯುವವರ ಮೇಲಿನ ಮಹಡಿಯಲ್ಲಿ, ಒಂದು ಸಣ್ಣ ಕಂಪನಿಯಿದೆ. ಹೆಸರು ಬೇಡ. ಭೂಮಿಯನ್ನು ಮೇಲಿನಿಂದ ನೋಡುವ ಉಪಗ್ರಹಗಳ ವಿನ್ಯಾಸ ಮಾಡುತ್ತಾರೆ. ನಿವೃತ್ತಿಯ ನಂತರ ನನ್ನನ್ನು ಅಲ್ಲಿ ಪರೀಕ್ಷಕಿಯಾಗಿ ಇಟ್ಟುಕೊಂಡಿದ್ದರು.

ಉಪಗ್ರಹವನ್ನು ಕಟ್ಟಿ, ಹಾರಿಸಿ, ಆಮೇಲೆ ಅದಕ್ಕೆ ಕಣ್ಣು ಸರಿಯಿಲ್ಲ ಎಂದು ತಲೆ ಕೆರೆದುಕೊಂಡರೆ ಏನು ಬಂತು? ಅದಕ್ಕೇ ಮೊದಲು ಕಂಪ್ಯೂಟರಿನೊಳಗೆ ಹಾರಿಸುತ್ತಾರೆ. ಅಲ್ಲಿ ಒಂದು ಬಳ್ಳಾರಿ ಜಿಲ್ಲೆ ಇರುತ್ತದೆ. ನಕ್ಷೆಗಳಿಂದ ಕಟ್ಟಿದ ನೆಲ, ಕಾಲುವೆ, ಗದ್ದೆ, ಧೂಳು, ಬಿಸಿಲು. ಇನ್ನೂ ಹುಟ್ಟದ ಉಪಗ್ರಹ ಆ ನೆಲದ ಮೇಲೆ ಸುತ್ತು ಹಾಕಿ ಚಿತ್ರ ತೆಗೆಯುತ್ತದೆ.

ನಸೀಮಾ ಎಂಬ ಇಂಜಿನಿಯರ್ ಅಲ್ಲಿ ಒಂದು ಕ್ಯಾಮೆರಾ ವಿನ್ಯಾಸ ಮಾಡಿದ್ದಳು. ರಾತ್ರಿ ಹೊತ್ತು ನೆಲದ ಶಾಖ ನೋಡಿ, ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳಲ್ಲಿ ಎಲ್ಲಿ ನೀರು ನಿಂತಿದೆ, ಎಲ್ಲಿ ಕಾಲುವೆ ಸೋರುತ್ತಿದೆ ಎಂದು ಹೇಳುವ ಕ್ಯಾಮೆರಾ. ಅದಕ್ಕಾಗಿ ಅವಳು ವರ್ಷಗಟ್ಟಲೆ ದುಡಿದಿದ್ದಳು.

ನನ್ನ ಕೆಲಸ ಆ ಕಂಪ್ಯೂಟರಿನ ನೆಲದಲ್ಲಿ, ನಿಜವಾಗಿ ಇಲ್ಲದ ಒಂದು ವಸ್ತುವನ್ನು ಗುಟ್ಟಾಗಿ ಇಡುವುದು. ನಾವು ಅದಕ್ಕೆ ಹುಸಿ ಗುರುತು ಅನ್ನುತ್ತಿದ್ದೆವು. ವಿನ್ಯಾಸ ಮಾಡಿದವರು ತಮ್ಮ ಚಿತ್ರಗಳಲ್ಲಿ ಅದನ್ನು ಪತ್ತೆ ಹಚ್ಚಿದರೆ ಪಾಸು. ಏನಿಟ್ಟೆ, ಎಲ್ಲಿಟ್ಟೆ ಎಂದು ಹೇಳುವಂತಿಲ್ಲ. ಖಾಲಿ ನೆಲದಲ್ಲಿ ಮಾತ್ರ ಇಡಬೇಕು. ಶುರುವಾದ ಪರೀಕ್ಷೆಯನ್ನು ನಡುವೆ ನಿಲ್ಲಿಸುವಂತಿಲ್ಲ. ಇವೆಲ್ಲ ನಾನೇ ಮಾಡಿದ ನಿಯಮಗಳು.

ಆ ಸಲ ನಾನು ಇಟ್ಟದ್ದು ಕೊಳೆತ ಹುಲ್ಲಿನ ಒಂದು ರೊಜ್ಜು, ಕೆಸರಿನಂಥ ರಾಶಿ. ಕೊಳೆಯುವ ಹುಲ್ಲು ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ, ಒದ್ದೆಯೂ ಇರುತ್ತದೆ. ಶಾಖದ ಕ್ಯಾಮೆರಾಕ್ಕೆ ಅದು ಕಷ್ಟದ ಪ್ರಶ್ನೆ. ದುಂಡಗಿದ್ದರೆ ಸುಲಭವಾಗಿ ಸಿಕ್ಕೀತೆಂದು, ಒಂದು ಕಡೆಯಿಂದ ಮೂರು ನಾಲಿಗೆ ಚಾಚಿದ ಹಾಗೆ ಆಕಾರ ಕೊಟ್ಟೆ. ಉಪಗ್ರಹ ಒಂದೊಂದು ಸುತ್ತು ಬಂದಾಗಲೂ ಅದು ಒಂದಿಷ್ಟು ಬೆಳೆದು, ಹತ್ತಿರದ ಇನ್ನೊಂದು ಬಿಸಿಯಾದ ಜಾಗದ ಕಡೆಗೆ ಸರಿದು, ಕೊನೆಯ ಸುತ್ತಿನಲ್ಲಿ ಅದನ್ನು ಮುಚ್ಚಿಕೊಳ್ಳಬೇಕು. ಆಗಲೂ ಕ್ಯಾಮೆರಾ ಎರಡನ್ನೂ ಬೇರೆ ಬೇರೆಯಾಗಿ ಕಂಡೀತೇ? ಅದು ಪರೀಕ್ಷೆ.

ಆ ಇನ್ನೊಂದು ಜಾಗವಾಗಿ ಕಾಲುವೆ ಪಕ್ಕದ ಒಂದು ಹಳೆಯ ಪಂಪುಮನೆಯನ್ನು ಆರಿಸಿದೆ. ತಗಡಿನ ಮಾಡು, ಹಗಲ ಬಿಸಿ ಹಿಡಿದಿಟ್ಟುಕೊಳ್ಳುವ ಕಲ್ಲಿನ ಗೋಡೆ. ನಕ್ಷೆಯಲ್ಲಿ ಅದು ಖಾಲಿ.

ಸಂಜೆ ಪರೀಕ್ಷೆ ಶುರು ಮಾಡಿ ಎದ್ದಾಗ ನಸೀಮಾ ಕುರ್ಚಿ ತಿರುಗಿಸಿ ಕೇಳಿದಳು, "ಈ ಸಲ ಏನ್ ಇಟ್ಟೀರಿ ಮೇಡಂ? ಸಣ್ಣ ಸುಳಿವಾದ್ರೂ ಕೊಡ್ರಿ."

"ಸಿಕ್ಕಾಗ ಮೂಗು ಮುಚ್ಕೋತಿ ನೋಡು."

"ನಾಳೆ ಮುಂಜಾನೆ ಕ್ಯಾಮೆರಾ ಆರಿಸೋ ಮಂಡಳಿಯವ್ರು ಬರ್ತಾರ. ಎಲ್ಲಾ ಸುತ್ತಿನ ಚಿತ್ರ ಅವ್ರ ಮುಂದ ಇರಬೇಕು. ಇಲ್ಲಾಂದ್ರ ನನ್ನ ಕ್ಯಾಮೆರಾ ಕಿತ್ತು ಹಾಕಿ ಬೇರೇದು ಕೂಡಿಸ್ತಾರ."

"ಹಂಗಾದ್ರ ಕಣ್ಣು ಬಿಟ್ಕೊಂಡು ಕೂತ್ಕೋ," ಎಂದು ಮೆಟ್ಟಿಲಿಳಿದೆ.

ಕೆಳಗೆ ವೀರಭದ್ರಪ್ಪ ಜೀಪು ಶುರು ಮಾಡಿಕೊಂಡಿದ್ದ. ಕುರುಗೋಡಿನವನು, ಐವತ್ತು ದಾಟಿದವನು, ನಮ್ಮ ಡ್ರೈವರು. ಬಾಯಿ ಸುಮ್ಮನಿರುವುದಿಲ್ಲ. ಕತ್ತಲಾದ ಮೇಲೆ ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಅಲ್ಲಲ್ಲಿ ನಿಂತು, ನಿಜವಾದ ನೆಲದ ಶಾಖ ಅಳೆದು ತರುವುದು ನಮ್ಮ ಕೆಲಸ. ಕಂಪ್ಯೂಟರಿನ ನೆಲ ಸುಳ್ಳು ಹೇಳುತ್ತಿಲ್ಲ ಎಂದು ತಿಳಿಯಲು ಈ ಅಳತೆಗಳು ಬೇಕು.

ಮೊದಲ ಅಳತೆಗಳು ಸರಿಯಾಗಿ ನಡೆದವು. ನೀರು ಬಿಟ್ಟ ಗದ್ದೆಗಳು, ಕಪ್ಪೆಗಳ ಸದ್ದು, ಹಸಿ ಮಣ್ಣಿನ ವಾಸನೆ. ಕೊನೆಯ ಜಾಗ ಕಾಲುವೆಯ ಏರಿಯ ಮೇಲಿತ್ತು. ನಾನು ಆರಿಸಿದ ಪಂಪುಮನೆ ಅಲ್ಲಿಂದ ಕೂಗಳತೆಯ ದೂರ. ಆದರೆ ನಾನು ಇಟ್ಟದ್ದು ಕಂಪ್ಯೂಟರಿನಲ್ಲಿ ತಾನೇ? ಅದರ ಯೋಚನೆಯೂ ನನಗೆ ಬರಲಿಲ್ಲ.

ಏರಿಯ ಮೇಲೆ ಜೀಪು ಹತ್ತಿದ ಕೂಡಲೇ... ಆ ನಾತ.

ಹಳಸಿದ ಬಿಸಿ ಗಂಜಿಯ ವಾಸನೆ. ಅದರ ಅಡಿಯಲ್ಲಿ ಹುಳುಕು ಹಲ್ಲಿನವರು ಮುಖದ ಹತ್ತಿರ ಬಂದು ಮಾತಾಡಿದರೆ ಬರುತ್ತದಲ್ಲ, ಆ ವಾಸನೆ. ಬೆಚ್ಚಗಿತ್ತು. ಗಾಳಿಯಲ್ಲಿ ತೇಲಿ ಬರುವ ಹಾಗಲ್ಲ, ಯಾರೋ ಉಸಿರು ಬಿಟ್ಟ ಹಾಗೆ ಬಂದು ಕೆನ್ನೆಗೆ ಅಂಟಿಕೊಂಡಿತು.

"ಯಾವನೋ ಮಿಲ್ಲಿನವ ಗಬ್ಬು ತಂದು ಸುರುವ್ಯಾನ ನೋಡ್ರಿ ಮೇಡಂ. ಇವನ ಮನಿ ಹಾಳಾಗ!" ಎಂದು ವೀರಭದ್ರಪ್ಪ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡ.

"ನಿಲ್ಸು. ಅಳತೆ ತಗೊಂಡೇ ಹೋಗೋದು."

"ಈ ನಾತದಾಗ ಏನ್ ಅಳೀತೀರಿ? ನನ್ನ ಜೀವ ಇನ್ನೂ ಎಷ್ಟೈತಿ ಅಂತ ಅಳದ್ ಹೇಳ್ರಿ."

ನಾನು ಇಳಿದೆ. ಕಪ್ಪೆಗಳು ಸುಮ್ಮನಾಗಿದ್ದವು. ಅದು ನನಗೆ ತಡವಾಗಿ ಹೊಳೆಯಿತು. ಅಷ್ಟು ನೀರಿದ್ದೂ ಒಂದು ಕಪ್ಪೆಯ ಸದ್ದಿಲ್ಲ.

ಕೈಯಲ್ಲಿ ಹಿಡಿಯುವ ಶಾಖದ ಕ್ಯಾಮೆರಾ ನಮ್ಮ ಹತ್ತಿರ ಇತ್ತು. ತಣ್ಣನೆಯದು ಕಪ್ಪಾಗಿ, ಬಿಸಿಯದು ಬೆಳ್ಳಗೆ ಕಾಣುತ್ತದೆ. ನಾತ ಬಂದ ಕಡೆಗೆ ತಿರುಗಿಸಿದೆ. ಕಪ್ಪು ಗದ್ದೆ, ಕಪ್ಪು ಬದು... ಅದರಾಚೆ ಒಂದು ಬಿಳಿಯ ಹರವು. ಅದರ ಒಂದು ಅಂಚಿನಿಂದ ಮೂರು ನಾಲಿಗೆಗಳು ಹೊರಗೆ ಚಾಚಿದ್ದವು.

ನಡುವಿನ ನಾಲಿಗೆ ಸ್ವಲ್ಪ ಉದ್ದ, ಎಡಗಡೆಯದರ ತುದಿ ಸೀಳಿದ್ದು. ಹಾಗೆಯೇ ಅದನ್ನು ನಾನು ಬಿಡಿಸಿದ್ದೆ.

ನಾನು ಸುಲಭಕ್ಕೆ ನಡುಗುವವಳಲ್ಲ. ಆಗ ನಡುಗಲೂ ಇಲ್ಲ. ಕ್ಯಾಮೆರಾದ ಗಾಜು ಒರೆಸಿ ಇನ್ನೊಮ್ಮೆ ನೋಡಿದೆ. ಹೆದರಿಕೆಗಿಂತ ಮೊದಲು ಹೇಸಿಗೆ ಬಂತು ಎಂದು ಸ್ಪಷ್ಟವಾಗಿ ನೆನಪಿದೆ.

"ಯಾರ್ರೀ ಅಲ್ಲಿ?" ಟಾರ್ಚಿನ ಬೆಳಕು ನಮ್ಮ ಮೇಲೆ ಬಿತ್ತು. "ಆ ಕಡಿ ಕಾಲ್ ಇಡಬ್ಯಾಡ್ರಿ! ಏರಿ ಮ್ಯಾಲಿಂದ ಸುತ್ತ ಹಾಕ್ಕೊಂಡ್ ಬರ್ರಿ!"

ಹೆಂಗಸಿನ ದನಿ. ಪಂಪುಮನೆಯ ಕಡೆಯಿಂದ. ಖಾಲಿ ಎಂದು ನಾನು ನಂಬಿದ್ದ ಪಂಪುಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು.

ಸುತ್ತು ಹಾಕಿಕೊಂಡು ಹೋದೆವು. ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದಳು. ತಿಮ್ಮಕ್ಕ ಅಂತ ಹೆಸರು. ಗದ್ದೆ ಕೆಲಸದವಳು. ಗಂಡ ಸಿರುಗುಪ್ಪದ ಅಕ್ಕಿ ಗಿರಣಿಗೆ ರಾತ್ರಿ ಪಾಳಿಗೆ ಹೋಗಿದ್ದ.

"ಇಲ್ಲಿ ಯಾರೂ ಇಲ್ಲ ಅಂತ..." ಎಂದು ಶುರು ಮಾಡಿದೆ.

"ಯಾರ್ ಹೇಳಿದ್ರು ನಿಮಗ? ಮೋಟ್ರು ಕಿತ್ಕೊಂಡು ಹೋದ ಮ್ಯಾಲಿಂದ ನಾವ ಅದೀವಿ," ಅಂದಳು. "ಅದನ್ನ ಬಿಡ್ರಿ. ಇದೇನ್ ಹೇಸಿಗಿ ಬಂದೈತಿ ನೋಡ್ರಿ ಅಮ್ಮಾ. ಹೊತ್ತು ಮುಳುಗೂ ಮುಂದ ಇರ್ಲಿಲ್ಲ. ಕಟ್ಟಿಗಿ ತರಾಕ ಹೋಗಿ ಬರೂದ್ರಾಗ ಬಂದು ಬಿದ್ದೈತಿ. ಬೂದಿ ಸುರುವಿದೆ, ನೀರ್ ಹಾಕಿದೆ, ಸಲಿಕಿಲೇ ಎಳದೆ. ಎಳದಷ್ಟೂ ನಾರ್ತೈತಿ."

ಹೊತ್ತು ಮುಳುಗುವಾಗಲೇ ನಾನು ಪರೀಕ್ಷೆ ಶುರು ಮಾಡಿದ್ದೆ.

ಟಾರ್ಚಿನ ಬೆಳಕಿನಲ್ಲಿ ಮೊದಲ ಸಲ ಅದನ್ನು ಬರಿಗಣ್ಣಿನಿಂದ ನೋಡಿದೆ. ಕಂದು ಬಣ್ಣ, ಮೇಲೆ ಕೆನೆ ಕಟ್ಟಿದ ಹಾಗೆ ಒಂದು ಪೊರೆ. ಪೊರೆಯ ಕೆಳಗೆ ಹುಲ್ಲಿನ ಎಳೆಗಳು ಮೆಲ್ಲಗೆ ಹೊರಳುತ್ತಿದ್ದವು. ಹುಳವಿರಬೇಕೆಂದು ಬಗ್ಗಿ ನೋಡಿದೆ. ಹುಳವಿರಲಿಲ್ಲ. ಹುಳ ಇದ್ದಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಹುಳವೂ ಒಲ್ಲೆನೆಂದ ಕೊಳಕು ಅದು.

ನಡುವೆ ಒಂದು ಕೋಳಿ ನಿಂತಿತ್ತು. ಸತ್ತಿರಲಿಲ್ಲ. ಕಣ್ಣು ತೆರೆದಿತ್ತು, ಕೊರಳು ಮಿಡಿಯುತ್ತಿತ್ತು. ಕೂಗುತ್ತಿರಲಿಲ್ಲ, ಕೊಸರುತ್ತಿರಲಿಲ್ಲ. ಕಾಲುಗಳು ಎಲ್ಲಿ ಮುಗಿದು ರೊಜ್ಜು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಕೆಂಪು ಜುಟ್ಟು ಬೆಂದ ಟೊಮೆಟೊ ಹಾಗೆ ಮೆತ್ತಗಾಗಿ ಒಂದು ಕಡೆ ಜಾರಿತ್ತು.

ವೀರಭದ್ರಪ್ಪ ಬದುವಿಗೆ ಹೋಗಿ ವಾಂತಿ ಮಾಡಿಕೊಂಡ.

ನಾನು ಫೋನು ತೆಗೆದೆ. ನಸೀಮಾ ಉತ್ಸಾಹದಲ್ಲಿದ್ದಳು. "ಮೇಡಂ, ಸಿಕ್ತು! ಕಾಲುವಿ ಬಾಜೂಕ. ಮೂರು ನಾಲಿಗಿ ಥರ. ಛೀ, ಎಂಥಾ ಆಕಾರ ಕೊಟ್ಟೀರಿ! ಪ್ರತಿ ಸುತ್ತಿಗೂ ಆ ಪಂಪುಮನಿ ಕಡೆ ಹೊಂಟೈತಿ, ಹೌದಿಲ್ಲೋ?"

"ಮುಂದಿನ ಸುತ್ತು ಯಾವಾಗ?"

"ಈಗ ಬರ್ತೈತಿ. ತಡೀರಿ... ಬಂತು."

ಬಂತು ಎಂದು ಅವಳು ಅನ್ನುವುದಕ್ಕೂ, ನನ್ನ ಮುಂದಿನ ಕತ್ತಲಲ್ಲಿ ಆ ಸದ್ದು ಬರುವುದಕ್ಕೂ ಅಂತರವೇ ಇರಲಿಲ್ಲ. ಒದ್ದೆ ಕಂಬಳಿಯನ್ನು ನೆಲದ ಮೇಲೆ ಎಳೆದ ಸದ್ದು. ಕೊನೆಯಲ್ಲಿ ಲೊಚ್ ಎಂದು, ತಟ್ಟೆ ನೆಕ್ಕಿದ ಹಾಗೆ.

ತಿಮ್ಮಕ್ಕ ಸುರಿದಿದ್ದ ಬೂದಿಯ ಗೆರೆ ಈಗ ಕಾಣುತ್ತಿರಲಿಲ್ಲ. ಮೂರು ನಾಲಿಗೆಗಳೂ ಅದನ್ನು ದಾಟಿ ಪಂಪುಮನೆಯ ಅಂಗಳಕ್ಕೆ ಬಂದಿದ್ದವು.

"ನಡಿಯವ್ವಾ, ಜೀಪ್ ಹತ್ತು," ಅಂದೆ ತಿಮ್ಮಕ್ಕನಿಗೆ. "ಇಲ್ಲಿ ಇರಬ್ಯಾಡ."

"ಎಲ್ಲಿಗಿ ಬರ್ಲಿ? ಒಳಗ ಎಮ್ಮಿ ಈಯಾಕ ಹತ್ತೈತಿ! ಕರದ ಕಾಲು ಹೊರಗ ಬಂದಾವು. ಈಗ ಅದನ್ನ ಎಬ್ಬಿಸಿ ನಡಸಾಕ ಆಗ್ತೈತೇನು?"

ಒಳಗಿನಿಂದ ಎಮ್ಮೆ ಒಂದು ಸಲ ನರಳಿತು. ಪಂಪು ಇದ್ದ ಜಾಗದಲ್ಲೇ ಅದನ್ನು ಕಟ್ಟಿದ್ದಳು. ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಿನ ಕಡೆಗೇ ಅದು ಬರುತ್ತಿತ್ತು.

"ಅದು ಬಿದ್ದಲ್ಲೇ ಬಿದ್ದಿರ್ಲಿ, ನೀನರೆ ಬಾರಬೇ," ಎಂದ ವೀರಭದ್ರಪ್ಪ, ಬಾಯಿ ಒರೆಸಿಕೊಳ್ಳುತ್ತ.

"ನಿನ್ನ ಹೇಣ್ತಿ ಹಡಿಯಾಕ ಹತ್ತಿದಾಗ ನೀನು ಹಂಗ ಬಿಟ್ ಹೋಗಿದ್ದೇನಣ್ಣ?" ಎಂದು ಒಂದೇ ಮಾತಿಗೆ ಅವನ ಬಾಯಿ ಮುಚ್ಚಿಸಿ ಒಳಗೆ ಹೋದಳು.

ನಸೀಮಾ ಇನ್ನೂ ಲೈನಿನಲ್ಲಿದ್ದಳು. ನಾನು ಹೇಳಿದೆ, "ನಸೀಮಾ, ಪರೀಕ್ಷೆ ನಿಲ್ಸು."

ಅವಳು ನಕ್ಕಳು. "ಇದೂ ಪರೀಕ್ಷೇನ ಮೇಡಂ?"

"ನಿಲ್ಸು ಅಂದೆ."

"ನಡುವ ನಿಲ್ಲಿಸಿದ್ರ ಎಲ್ಲಾ ರದ್ದು. ನಾಳೆ ಮಂಡಳಿಗೆ ಏನ್ ತೋರಿಸ್ಲಿ? ಭೂಕಂಪ ಆದ್ರೂ ನಡುವ ಕೈ ಹಚ್ಚಬ್ಯಾಡ ಅಂತ ನೀವ ಕಲಿಸಿದ್ದಲ್ಲ?"

"ಹುಸಿ ಗುರುತಷ್ಟ ತಗದು ಹಾಕಾಕ ಬರ್ತೈತೇನು?"

"ಬರಂಗಿಲ್ಲ. ಹಂಗ ಕಟ್ಟಿದವ್ರೂ ನೀವ." ಅವಳ ದನಿ ಗಟ್ಟಿಯಾಗಿತ್ತು. "ಕಾರಣ ಹೇಳ್ರಿ ಮೇಡಂ. ನನ್ನ ಕ್ಯಾಮೆರಾ ಪಾಸಾಗ್ತೈತಿ ಅಂತ ಗೊತ್ತಾದ ಮ್ಯಾಲೆ ನಿಲ್ಸು ಅಂತೀರಿ. ನಾ ಏನಂತ ತಿಳ್ಕೊಳ್ಳಿ?"

ಏನು ಕಾರಣ ಹೇಳಲಿ? ಕಂಡ ಅಂಕಿಯನ್ನು ಕಂಡ ಹಾಗೇ ಹೇಳಿ ಬದುಕಿದವಳು ಈಗ ಅವಳು ನಂಬುವಂಥ ಒಂದು ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಚಪ್ಪಲಿಯ ಅಡಿ ಬೆಚ್ಚಗಾಯಿತು. ನೋಡಿದರೆ ಎಡಗಡೆಯ ನಾಲಿಗೆಯ ಸೀಳಿದ ತುದಿ ನನ್ನ ಹಿಮ್ಮಡಿಗೆ ತಾಗಿತ್ತು. ಹಸಿದ ನಾಯಿ ಮೂಸುವ ಹಾಗೆ. ಕಾಲು ಕಿತ್ತೆ. ಎಳೆ ಎಳೆಯಾಗಿ ಲೋಳೆ ಹಿಂದೆಯೇ ಬಂತು.

ಬಾಗಿಲಿಗೆ ಓಡಿದೆ. ಒಳಗೆ ಲಾಟೀನಿನ ಬೆಳಕು. ತಿಮ್ಮಕ್ಕ ಮಂಡಿಯೂರಿ ಕರುವಿನ ಮುಂಗಾಲು ಹಿಡಿದು ಎಳೆಯುತ್ತಿದ್ದಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಫೋನು ನೋಡಿದಳು. ಹೊರಗೆ ನಾನು ಆಡಿದ್ದು ಅವಳ ಕಿವಿಗೆ ಬಿದ್ದಿರಬೇಕು, ಅದರಲ್ಲಿ ಎಷ್ಟು ಅರ್ಥವಾಯಿತೋ... ರಕ್ತ ಮೆತ್ತಿದ ಕೈಯಿಂದಲೇ ಫೋನು ಕಿತ್ತುಕೊಂಡಳು.

"ಯಾರವ್ವಾ ನೀನು? ಅದೇನೋ ನಿಮ್ದ ಅಂತಲ್ಲ ಇದು? ಬಂದ್ ಮಾಡವ್ವಾ! ಇಲ್ಲಿ ನನ್ನ ಎಮ್ಮಿ ಹಡಿಯಾಕ ಹತ್ತೈತಿ, ಕರ ಅರ್ಧ ಒಳಗೈತಿ. ಹೊಚ್ಚಲಕ್ಕ ಬಂದೈತಿ ಆ ದರಿದ್ರ! ನಿನಗ ಕೈ ಮುಗೀತೀನಿ, ಬಂದ್ ಮಾಡ!"

ಎಮ್ಮೆ ಮತ್ತೆ ನರಳಿತು, ಈ ಸಲ ಉದ್ದಕ್ಕೆ. ನಾನು ಫೋನು ಮರಳಿ ತೆಗೆದುಕೊಂಡು ಕಿವಿಗಿಟ್ಟೆ. ಆ ಕಡೆ ನಸೀಮಾ ಸಣ್ಣ ದನಿಯಲ್ಲಿ ಕೇಳಿದಳು, "ಮೇಡಂ... ಪಂಪುಮನಿ ಒಳಗ ಜನ ಅದಾರೇನು?"

"ಅದಾರ."

ಹೊರಗೆ ಒದ್ದೆ ಕಂಬಳಿ ಎಳೆಯುವ ಸದ್ದು ಶುರುವಾಯಿತು. ನಡುವಿನ ನಾಲಿಗೆ ಹೊಸ್ತಿಲು ಹತ್ತಿತು. ಪೊರೆ ಉಬ್ಬಿತು, ನಾತ ಒಳಗೆ ನುಗ್ಗಿತು, ಲಾಟೀನಿನ ಗಾಜಿಗೆ ಬೆವರು ಕಟ್ಟಿತು. ವೀರಭದ್ರಪ್ಪ ಬಾಗಿಲಿಗೆ ಅಡ್ಡವಾಗಿ ಸಲಿಕೆ ಇಟ್ಟು ಎರಡೂ ಕೈಯಿಂದ ಒತ್ತಿ ಹಿಡಿದ. ಹಿಡಿಯ ತನಕ ಸಲಿಕೆ ಅದರೊಳಗೆ ಇಳಿಯಿತು.

ಸದ್ದು ಅರ್ಧಕ್ಕೆ ನಿಂತಿತು.

ಲೊಚ್ ಎಂದು ನೆಕ್ಕುವ ಆ ಕೊನೆಯ ಸದ್ದು ಬರಲಿಲ್ಲ.

"ನಿಲ್ಲಿಸೀನಿ," ಎಂದಳು ನಸೀಮಾ. ಅಳುತ್ತಿದ್ದಳು.

ಹೊಸ್ತಿಲಿನ ಈಚೆ ಒಂದು ಗೇಣು ಬಂದು ಅದು ಹಾಗೇ ನಿಂತಿತ್ತು, ಬಾಯಿ ತೆರೆದು ಮುಚ್ಚಲು ಮರೆತ ಹಾಗೆ. ಅದರ ಎದುರಿಗೇ ಕರು ಹೊರಗೆ ಜಾರಿತು. ತಿಮ್ಮಕ್ಕ ಅದರ ಮೂಗಿನ ಲೋಳೆ ಬಳಿದು ತೆಗೆದು, "ಹಿಡ್ಕೋರಿ ಅಮ್ಮಾ, ಹಿಡ್ಕೋರಿ" ಎಂದು ನನ್ನ ಮಡಿಲಿಗೆ ಹಾಕಿದಳು. ರಕ್ತ, ನೀರು, ಸಗಣಿ, ಮಾಸು... ಬೇರೆ ದಿನವಾಗಿದ್ದರೆ ನಾನು ಆ ಕೋಣೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಆ ರಾತ್ರಿ ಆ ಒದ್ದೆ ಕರುವನ್ನು ಅಪ್ಪಿಕೊಂಡು ಕೂತೆ. ಆ ಕೋಣೆಯಲ್ಲಿ ಅದೊಂದೇ ಶುದ್ಧವಾಗಿತ್ತು.

ಬೆಳಗಾದ ಮೇಲೆ ಊರವರು ಬಂದು ನೋಡಿದರು. ಮಿಲ್ಲಿನವರು ತಂದು ಸುರಿದಿದ್ದಾರೆ ಎಂದು ಬೈದರು. ಹಗಲಿನಲ್ಲಿ ಅದು ಬರೀ ಕೊಳೆತ ಹುಲ್ಲಿನ ಹಾಗೇ ಕಾಣುತ್ತಿತ್ತು. ಸುಣ್ಣ ಸುರಿದರು, ಸುಣ್ಣ ಕರಗಿಹೋಯಿತು. ಟ್ರ್ಯಾಕ್ಟರು ತಂದು ಎತ್ತಿ ಹಾಕಿಸಿದರು. ಮರುದಿನ ಅಲ್ಲೇ, ಅದೇ ಆಕಾರದಲ್ಲಿ ಬಿದ್ದಿತ್ತು. ಟ್ರ್ಯಾಕ್ಟರಿನವನು ಮತ್ತೆ ಬರಲು ಒಪ್ಪಲಿಲ್ಲ. ಅದು ಬೆಳೆದಿಲ್ಲ, ಸರಿದಿಲ್ಲ. ಹೋಗಿಯೂ ಇಲ್ಲ. ನಮ್ಮನ್ನೂ ಎಮ್ಮೆಯನ್ನೂ ಹೊರಗೆ ತರಲು ತಿಮ್ಮಕ್ಕನ ಗಂಡ ಹಿಂದಿನ ಗೋಡೆ ಒಡೆದಿದ್ದ, ಈಗ ಅದನ್ನೇ ಇನ್ನೊಂದು ಬಾಗಿಲು ಮಾಡಿಕೊಂಡಿದ್ದಾನೆ. ಬೇರೆ ಕಡೆ ಹೋಗಿ ಎಂದರೆ, "ಬಾಡಗಿ ನೀವ್ ಕೊಡ್ತೀರೇನು?" ಎನ್ನುತ್ತಾನೆ.

ಮಂಡಳಿಯವರು ಅರ್ಧ ಪರೀಕ್ಷೆಯನ್ನು ಒಪ್ಪಲಿಲ್ಲ. ನಸೀಮಾಳ ಕ್ಯಾಮೆರಾವನ್ನು ಕೈಬಿಟ್ಟರು. ಅವಳು ಒಂದು ಭಾನುವಾರ ನನ್ನ ಜೊತೆ ಬಂದು ಆ ರೊಜ್ಜನ್ನು ನೋಡಿದಳು. ದುಪಟ್ಟಾ ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಕಂಪನಿಯಲ್ಲಿ ಒಂದು ಸಲವೂ ನನ್ನನ್ನು ದೂರಲಿಲ್ಲ.

ನಿಂತ ಪರೀಕ್ಷೆ ಇಂದಿಗೂ ಆ ಕಂಪ್ಯೂಟರಿನಲ್ಲಿ ಹಾಗೇ ಇದೆ. ತೆರೆದರೆ ಪರದೆಯ ಮೇಲೆ ಎರಡೇ ಮಾತು ಬರುತ್ತವೆ. ಮುಂದುವರಿಸು. ಅಳಿಸು. ಮುಂದುವರಿಸುವ ಪ್ರಶ್ನೆಯೇ ಇಲ್ಲ. ಅಳಿಸೋಣ ಎಂದು ಒಂದು ದಿನ ಕೂತೆ. ಒತ್ತುವ ಮುಂಚೆ ನಸೀಮಾಳನ್ನು ಕೇಳಿದೆ, ಅಳಿಸಿದರೆ ಏನಾಗುತ್ತದೆ?

"ನೆಲ ಮೊದಲಿನ ಹಂಗ ಆಗ್ತೈತಿ ಮೇಡಂ," ಎಂದಳು. "ನಮ್ಮ ನಕ್ಷೆದಾಗ ಹೆಂಗ ಇತ್ತೋ ಹಂಗ."

ನಾನು ಬೆರಳು ಹಿಂದಕ್ಕೆ ತೆಗೆದೆ. ನಮ್ಮ ನಕ್ಷೆಯಲ್ಲಿ ಆ ಪಂಪುಮನೆಯಲ್ಲಿ ಯಾರೂ ಇಲ್ಲ. ತಿಮ್ಮಕ್ಕ ಇಲ್ಲ, ಅವಳ ಗಂಡ ಇಲ್ಲ. ಎಮ್ಮೆಯೂ ಇಲ್ಲ, ಕರುವೂ ಇಲ್ಲ.

ಪ್ರತಿ ಸಂಜೆ, ದೀಪ ಹಚ್ಚಿದ ಮೇಲೆ, ತಿಮ್ಮಕ್ಕನಿಗೆ ಫೋನು ಮಾಡುತ್ತೇನೆ.

"ಎಲ್ಲೈತೋ ಅಲ್ಲೇ ಐತ್ರಿ ಅಮ್ಮಾ," ಅನ್ನುತ್ತಾಳೆ. "ನಿಮ್ ಮಷೀನಿನಾಗಿಂದ ಅದನ್ನ ಒರಸಿ ಹಾಕ್ರಿ. ಎಷ್ಟು ದಿನ ಅಂತ ಈ ಹೇಸಿಗಿ ಮುಂದ ಕೂತು ರೊಟ್ಟಿ ತಿನ್ನೂದು? ಅಷ್ಟೂ ಸ್ವಚ್ಛ ಬೇಕು ಅಂತೀರಿ, ನೀವ ಮಾಡಿದ್ದು ನೀವ ತೊಳೀಬಾರದೇನು?"

"ನಾಳೆ ಮಾಡ್ತೀನವ್ವಾ," ಅನ್ನುತ್ತೇನೆ. ಇವತ್ತಿನ ಕೆಲಸವನ್ನು ನಾಳೆಗೆ ಇಟ್ಟು ನನಗೆ ಅಭ್ಯಾಸವಿಲ್ಲ.

ಆ ಕಡೆಯಿಂದ ಕರು ಕೂಗುವುದು ಕೇಳಿಸಿದ ಮೇಲೆಯೇ ಫೋನು ಇಡುತ್ತೇನೆ.